ಹಳೆಯ ವಾಹನಗಳ ಹಿಂಬದಿ ದೀಪಗಳ ಮಾರ್ಪಾಡು

ಹಳೆಯ ವಾಹನಗಳ ಹಿಂಬದಿ ದೀಪಗಳ ಮಾರ್ಪಾಡು ಎಂದರೆ ಹಲವು ದಶಕಗಳ ಹಿಂದೆ ತಯಾರಾದ ಕಾರು ಅಥವಾ ಜೀಪಿನ ಹಿಂಬದಿಯ ಕೆಂಪು ದೀಪ, ಬ್ರೇಕ್ ದೀಪ ಮತ್ತು ಇಂಡಿಕೇಟರುಗಳಿಗೆ ಹೊಸದಾಗಿ ತಯಾರಿಸಿದ ಗಾಜನ್ನು ಕೂರಿಸುವುದು ಮತ್ತು ತಂತಿ ಬಲ್ಬುಗಳ ಬದಲಿಗೆ ಎಲ್ಇಡಿ ದೀಪಗಳನ್ನು ಅಳವಡಿಸುವುದು. ಮೂಲ ಬಿಡಿಭಾಗಗಳು ಸಿಗದಿರುವುದು ಮತ್ತು ಹಳೆಯ ದೀಪಗಳ ಬೆಳಕು ಇಂದಿನ ಸಂಚಾರಕ್ಕೆ ಸಾಲದಿರುವುದು ಇದಕ್ಕೆ ಮುಖ್ಯ ಕಾರಣಗಳು. ಸರಿಯಾಗಿ ಮಾಡಿದರೆ ಇದರಿಂದ ಸುರಕ್ಷತೆ ಹೆಚ್ಚುತ್ತದೆ. ತಪ್ಪಾಗಿ ಮಾಡಿದರೆ ಮೊದಲಿದ್ದ ಸುರಕ್ಷತೆಯೂ ಹೋಗುತ್ತದೆ.

ಹಿನ್ನೆಲೆ

ಭಾರತದಲ್ಲಿ ಇಂತಹ ಮಾರ್ಪಾಡಿಗೆ ಒಳಗಾಗುವ ವಾಹನಗಳಲ್ಲಿ ಹಿಂದೂಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಮಹೀಂದ್ರಾ ಜೀಪುಗಳು ಪ್ರಮುಖವಾದವು. ಅಮೆರಿಕದ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಮಹೀಂದ್ರಾ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಆರಂಭಿಸಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು.

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ ಮತ್ತು ಜೋಯಿಡಾ ತಾಲ್ಲೂಕುಗಳ ವಾಹನಗಳಿಗೆ ದಾಂಡೇಲಿಯ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೆಎ 65 ಸರಣಿಯ ಸಂಖ್ಯೆ ದೊರೆಯುತ್ತದೆ. ಕಾಡುದಾರಿಗಳಿರುವ ಈ ಭಾಗದಲ್ಲಿ ಜೀಪು ಇಂದಿಗೂ ಬಳಕೆಯ ವಾಹನವೇ ಹೊರತು ಬರಿಯ ಸಂಗ್ರಹದ ವಸ್ತುವಲ್ಲ. ಹಿಂಬದಿ ದೀಪದ ಮಹತ್ವವೂ ಇಲ್ಲಿ ಬೇರೆಯೇ. ಜೋಯಿಡಾದಿಂದ ಅಣಶಿ ಘಟ್ಟದ ಮೂಲಕ ಕದ್ರಾ ಕಡೆಗೆ ಇಳಿಯುವ ರಸ್ತೆ ತಿರುವುಗಳಿಂದ ಕೂಡಿದ್ದು, ಮಳೆಗಾಲದಲ್ಲಿ ಮಂಜು ಕವಿಯುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ರಸ್ತೆಗಳಲ್ಲಿ ಕಾಡುಪ್ರಾಣಿ ಅಡ್ಡ ಬಂದಾಗ ವಾಹನಗಳು ಇದ್ದಕ್ಕಿದ್ದಂತೆ ನಿಲ್ಲಬೇಕಾಗುತ್ತದೆ. ಬೀದಿದೀಪಗಳಿಲ್ಲದ ಇಂತಹ ಕಡೆ ಹಿಂದಿನಿಂದ ಬರುವ ಚಾಲಕನಿಗೆ ಕಾಣುವುದು ಮುಂದಿನ ವಾಹನದ ಎರಡು ಕೆಂಪು ಚುಕ್ಕೆಗಳು ಮಾತ್ರ.

ಮೂಲ ದೀಪದ ರಚನೆ

ಹಳೆಯ ಹಿಂಬದಿ ದೀಪದಲ್ಲಿ ಸಾಮಾನ್ಯವಾಗಿ ಎರಡು ತಂತಿಗಳಿರುವ ಒಂದೇ ಬಲ್ಬು ಇರುತ್ತದೆ. ಇದರ 5 ವ್ಯಾಟ್ ತಂತಿ ರಾತ್ರಿಯ ದೀಪಕ್ಕೆ, 21 ವ್ಯಾಟ್ ತಂತಿ ಬ್ರೇಕ್ ದೀಪಕ್ಕೆ. ಇಂದಿನ ಮಾನಕದ ಬಲ್ಬಿನಲ್ಲಿ ಮೊದಲನೆಯದು ಸುಮಾರು 35 ಲ್ಯೂಮೆನ್, ಎರಡನೆಯದು ಸುಮಾರು 440 ಲ್ಯೂಮೆನ್ ಬೆಳಕು ಕೊಡುತ್ತದೆ. ಹನ್ನೆರಡು ಪಟ್ಟಿಗೂ ಮೀರಿದ ಈ ಅಂತರದಿಂದಲೇ ಹಿಂದಿನ ಚಾಲಕನಿಗೆ ಬ್ರೇಕ್ ಒತ್ತಿದ್ದು ತಿಳಿಯುತ್ತದೆ. ಬಲ್ಬಿನ ಹಿಂದಿರುವ ಪ್ರತಿಫಲಕವು ಬೆಳಕನ್ನು ಮುಂದಕ್ಕೆ ತಿರುಗಿಸುತ್ತದೆ. ಗಾಜಿನ ಒಳಮೈಯಲ್ಲಿರುವ ಸಣ್ಣ ಉಬ್ಬುಗೆರೆಗಳು ಅದನ್ನು ಅಕ್ಕಪಕ್ಕಕ್ಕೆ ಹರಡುತ್ತವೆ. ಬಲ್ಬಿನ ತಂತಿ ಎಲ್ಲಿರುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಈ ಮೂರನ್ನೂ ಒಟ್ಟಾಗಿ ರೂಪಿಸಲಾಗಿರುತ್ತದೆ. ಒಂದನ್ನು ಬದಲಿಸಿದರೆ ಉಳಿದೆರಡರ ಕೆಲಸವೂ ಕೆಡಬಹುದು.

ತಂತಿ ಬಲ್ಬಿನ ಬೆಳಕು ವೋಲ್ಟೇಜು ಇಳಿದಂತೆ ಬಹುಬೇಗ ಕುಗ್ಗುತ್ತದೆ. ತುಕ್ಕು ಹಿಡಿದ ಜೋಡಣೆಯಲ್ಲಿ ಒಂದು ವೋಲ್ಟ್ ನಷ್ಟವಾದರೆ 12 ವೋಲ್ಟಿನ ವಾಹನದಲ್ಲಿ ಸುಮಾರು ಕಾಲುಭಾಗ ಬೆಳಕು ಹೋಗುತ್ತದೆ. 6 ವೋಲ್ಟಿನ ಹಳೆಯ ಜೀಪಿನಲ್ಲಿ ಹೆಚ್ಚುಕಡಿಮೆ ಅರ್ಧ. ಆದ್ದರಿಂದ ಎಲ್ಇಡಿಯ ಯೋಚನೆಗೆ ಮೊದಲು ಹೋಲ್ಡರನ್ನು ಉಜ್ಜಿ, ಅರ್ಥಿಂಗ್ ತಂತಿಯನ್ನು ಹೊಸದಾಗಿ ಹಾಕಿ ನೋಡುವುದು ಉತ್ತಮ. ಎಷ್ಟೋ ವಾಹನಗಳಿಗೆ ಇಷ್ಟೇ ಸಾಕಾಗುತ್ತದೆ.

ಗಾಜಿನ ತಯಾರಿಕೆ

ದೀಪದ ಗಾಜು ಎಂಬ ಹೆಸರು ಉಳಿದುಬಂದಿದ್ದರೂ ಅದು ಸಾಮಾನ್ಯವಾಗಿ ಅಕ್ರಿಲಿಕ್ ಪ್ಲಾಸ್ಟಿಕ್ಕಿನದು. ಕಾರ್ಖಾನೆಯಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬಿ ಇದನ್ನು ತಯಾರಿಸುತ್ತಾರೆ. ಉಕ್ಕಿನ ಅಚ್ಚು ದುಬಾರಿಯಾದ್ದರಿಂದ ಕೆಲವೇ ಪ್ರತಿಗಳು ಬೇಕಾದಾಗ ಬೇರೆ ವಿಧಾನವನ್ನು ಅನುಸರಿಸಲಾಗುತ್ತದೆ. ಒಡೆಯದ ಒಂದು ಮೂಲ ಗಾಜಿನ ಸುತ್ತ ದ್ರವರೂಪದ ಸಿಲಿಕೋನ್ ರಬ್ಬರನ್ನು ಸುರಿದು ಅಚ್ಚು ತೆಗೆದು, ಅದರಲ್ಲಿ ಕೆಂಪು ಬಣ್ಣ ಬೆರೆಸಿದ ಪಾರದರ್ಶಕ ಪಾಲಿಯುರೆಥೇನ್ ಅಥವಾ ಎಪಾಕ್ಸಿ ರಾಳವನ್ನು ಎರಕ ಹೊಯ್ಯುತ್ತಾರೆ. ರಾಳದಲ್ಲಿನ ಗಾಳಿಗುಳ್ಳೆಗಳನ್ನು ನಿರ್ವಾತ ಪಾತ್ರೆಯಲ್ಲಿ ತೆಗೆಯದಿದ್ದರೆ ಅವು ಬೆಳಕನ್ನು ಚದುರಿಸುತ್ತವೆ. ಎಪಾಕ್ಸಿಯು ಬಿಸಿಲಿಗೆ ಹಳದಿಗಟ್ಟುವ ಸ್ವಭಾವದ್ದು. 21 ವ್ಯಾಟ್ ಬಲ್ಬಿನ ಶಾಖಕ್ಕೆ ಕೆಲವು ರಾಳಗಳು ಮೆತ್ತಗಾಗಿ ಸೊಟ್ಟಗಾಗುವುದೂ ಉಂಟು. ಎರಕದ ಗಾಜಿನೊಂದಿಗೆ ಎಲ್ಇಡಿಯನ್ನು ಬಳಸಲು ಇದೂ ಒಂದು ಕಾರಣ.

ನಕಲು ಗಾಜಿನ ದೊಡ್ಡ ದೋಷ ಹಗಲಿನಲ್ಲಿ ಕಾಣುವುದಿಲ್ಲ. ಅನೇಕ ಗಾಜುಗಳ ಒಂದು ಭಾಗವು ಹಿಂದಿನ ವಾಹನದ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವ ರಿಫ್ಲೆಕ್ಟರ್ ಆಗಿರುತ್ತದೆ. ಇದರ ಒಳಮೈಯ ಸಣ್ಣ ಸಣ್ಣ ಮೂಲೆಗಳು ಪರಸ್ಪರ ಕರಾರುವಾಕ್ಕಾಗಿ 90 ಡಿಗ್ರಿ ಕೋನದಲ್ಲಿ ಕೂಡಬೇಕು. ಸಿಲಿಕೋನ್ ಅಚ್ಚಿನಲ್ಲಿ ಈ ಅಂಚುಗಳು ಮೊಂಡಾಗುತ್ತವೆ. ನೋಡಲು ಮೂಲದಂತೆಯೇ ಇರುವ ಗಾಜು, ದೀಪ ಕೆಟ್ಟು ರಸ್ತೆ ಬದಿಗೆ ನಿಂತ ವಾಹನವನ್ನು ಕತ್ತಲಲ್ಲಿ ತೋರಿಸಲಾರದು. ಹಾಗಾಗಿ ನಕಲು ಗಾಜು ಹಾಕಿದಾಗ ಬಂಪರಿನ ಮೇಲೆ ಪ್ರತ್ಯೇಕವಾಗಿ ಎರಡು ಕೆಂಪು ರಿಫ್ಲೆಕ್ಟರುಗಳನ್ನು ಕೂರಿಸುವುದು ಅವಶ್ಯಕ.

ಎಲ್ಇಡಿ ಅಳವಡಿಕೆ

ಎಲ್ಇಡಿಯ ಮುಖ್ಯ ಲಾಭ ಅದು ಹೊತ್ತಿಕೊಳ್ಳುವ ವೇಗ. ತಂತಿ ಬಲ್ಬು ಕಾದು ಪೂರ್ಣ ಬೆಳಕು ಕೊಡಲು ಸುಮಾರು 0.2 ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಹಿಂದಿನ ವಾಹನ ಅಷ್ಟರಲ್ಲಿ 3 ಮೀಟರಿಗಿಂತ ಹೆಚ್ಚು ದೂರ ಕ್ರಮಿಸಿರುತ್ತದೆ. ವಿದ್ಯುತ್ ಬಳಕೆಯೂ ಕಡಿಮೆಯಾದ್ದರಿಂದ ಹಳೆಯ ಡೈನಮೋ ಮತ್ತು ವೈರಿಂಗಿನ ಮೇಲಿನ ಹೊರೆ ಇಳಿಯುತ್ತದೆ.

ಬಲ್ಬನ್ನು ತೆಗೆದು ಅದೇ ಹೋಲ್ಡರಿಗೆ ಎಲ್ಇಡಿ ಬಲ್ಬು ಹಾಕುವುದು ಸುಲಭದ ದಾರಿ. ಆದರೆ ಬೆಳಕು ಹಿಂದಕ್ಕೆ ನೇರವಾಗಿ ಮಾತ್ರ ಚಿಮ್ಮುವ ಬಲ್ಬಾಗಿದ್ದರೆ ಪ್ರತಿಫಲಕಕ್ಕೆ ಬೆಳಕೇ ತಲುಪದೆ ನಡುವೆ ಒಂದು ಚುಕ್ಕೆ ಮಾತ್ರ ಹೊಳೆಯುತ್ತದೆ. ತಿರುವಿನಲ್ಲಿ ಓರೆಯಾಗಿ ನೋಡುವವರಿಗೆ ಅದೂ ಕಾಣುವುದಿಲ್ಲ. ಸುತ್ತಲೂ ಎಲ್ಇಡಿಗಳಿರುವ ಬಲ್ಬು ಅಥವಾ ದೀಪದ ಅಳತೆಗೆ ಕತ್ತರಿಸಿದ ಎಲ್ಇಡಿ ಫಲಕ ಇದಕ್ಕೆ ಪರಿಹಾರ. ಕೆಂಪು ಗಾಜಿನ ಹಿಂದೆ ಕೆಂಪು ಎಲ್ಇಡಿಯನ್ನೇ ಹಾಕಬೇಕು. ಬಿಳಿ ಎಲ್ಇಡಿಯ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆಯಿದ್ದು ಹೆಚ್ಚಿನ ಭಾಗವನ್ನು ಗಾಜೇ ನುಂಗುತ್ತದೆ. ಬಣ್ಣ ಮಾಸಿದ ಗಾಜಿನಲ್ಲಿ ಅದು ಗುಲಾಬಿಯಾಗಿಯೂ ಕಾಣುತ್ತದೆ.

ಕೆಂಪು ಎಲ್ಇಡಿಗೂ ಒಂದು ತೊಡಕಿದೆ. ಜೀಪು ಮತ್ತು ಬೈಕುಗಳ ಹಲವು ದೀಪಗಳ ಕೆಳಗೆ ಅಥವಾ ಪಕ್ಕದಲ್ಲಿ ಬಿಳಿ ಕಿಂಡಿಯೊಂದಿದ್ದು, ಅದೇ ಬಲ್ಬಿನ ಬೆಳಕು ನಂಬರ್ ಪ್ಲೇಟಿನ ಮೇಲೆ ಬೀಳುತ್ತದೆ. ಕೆಂಪು ಎಲ್ಇಡಿ ಹಾಕಿದರೆ ನಂಬರ್ ಪ್ಲೇಟೂ ಕೆಂಪಾಗುವುದರಿಂದ ಅದಕ್ಕೆ ಬೇರೆಯದೇ ಬಿಳಿ ದೀಪ ಕೊಡಬೇಕಾಗುತ್ತದೆ.

ಅಗ್ಗದ ಎಲ್ಇಡಿ ಬಲ್ಬುಗಳಲ್ಲಿ ರಾತ್ರಿಯ ದೀಪಕ್ಕೂ ಬ್ರೇಕ್ ದೀಪಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಎರಡೂ ಪ್ರಖರವಾಗಿರುವುದನ್ನು ನೋಡಿ ಮಾಲೀಕರು ಸಂತೋಷಪಡುವುದುಂಟು. ಆದರೆ ಬ್ರೇಕ್ ಒತ್ತಿದ್ದು ಹಿಂದಿನವರಿಗೆ ಗೊತ್ತಾಗದಿದ್ದರೆ ಆ ಪ್ರಖರತೆ ವ್ಯರ್ಥ. ಈ ಮಾರ್ಪಾಡಿನಲ್ಲಿ ಅತ್ಯಂತ ಅಪಾಯಕಾರಿ ತಪ್ಪು ಇದೇ.

ವಿದ್ಯುತ್ ಜೋಡಣೆ

ತಂತಿ ಬಲ್ಬಿಗೆ ಧನ, ಋಣ ಎಂಬ ಭೇದವಿಲ್ಲ, ಎಲ್ಇಡಿಗೆ ಇದೆ. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಜೋಡಿಸಲಾಗಿತ್ತು. ಅಂತಹ ಕಾರಿನಲ್ಲಿ ಸಾಮಾನ್ಯ ಎಲ್ಇಡಿ ಬಲ್ಬು ಹೊತ್ತಿಕೊಳ್ಳುವುದಿಲ್ಲ. ಹಳೆಯ ಡೈನಮೋ ವ್ಯವಸ್ಥೆಯ ವೋಲ್ಟೇಜು ಏರಿಳಿಯುವುದರಿಂದ ವಿದ್ಯುತ್ತನ್ನು ನಿಯಂತ್ರಿಸುವ ಮಂಡಲವುಳ್ಳ ಎಲ್ಇಡಿಗಳನ್ನೇ ಆರಿಸಬೇಕು.

ಇಂಡಿಕೇಟರುಗಳಲ್ಲಿ ಇನ್ನೊಂದು ಸಮಸ್ಯೆ ಎದುರಾಗುತ್ತದೆ. ಹಳೆಯ ಫ್ಲ್ಯಾಷರ್ ಬಲ್ಬುಗಳಿಗೆ ಹರಿಯುವ ವಿದ್ಯುತ್ತಿನಿಂದ ಕಾದು ಕೆಲಸ ಮಾಡುವಂಥದ್ದು. ಎಲ್ಇಡಿಗೆ ಹರಿಯುವ ವಿದ್ಯುತ್ತು ಸಾಲದೆ ದೀಪ ಮಿನುಗುವುದೇ ಇಲ್ಲ. 6 ಓಮ್‌ನ ರೆಸಿಸ್ಟರನ್ನು ಬಲ್ಬಿಗೆ ಸಮಾನಾಂತರವಾಗಿ ಜೋಡಿಸಿ ಇದನ್ನು ಸರಿಪಡಿಸಬಹುದಾದರೂ ಅದು 12 ವೋಲ್ಟಿನಲ್ಲಿ 24 ವ್ಯಾಟ್ ಶಾಖ ಹೊರಹಾಕುವುದರಿಂದ ವೈರು, ಪ್ಲಾಸ್ಟಿಕ್ ಮತ್ತು ಮರದ ಭಾಗಗಳಿಂದ ದೂರವಿರಬೇಕು. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕುವುದೇ ಒಳ್ಳೆಯದು. ಎಡಬಲ ಎರಡಕ್ಕೂ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಸೂಚಕ ಬಲ್ಬು ಇರುವ ಕಾರುಗಳಲ್ಲಿ, ಅದರ ಮೂಲಕ ವಿದ್ಯುತ್ತು ಎದುರು ಬದಿಗೂ ಹರಿದು ನಾಲ್ಕೂ ಇಂಡಿಕೇಟರುಗಳು ಒಟ್ಟಿಗೆ ಮಿನುಗಬಹುದು. ಎರಡು ಡಯೋಡ್ ಸೇರಿಸಿದರೆ ಇದು ನಿಲ್ಲುತ್ತದೆ.

ಮಳೆ ಮತ್ತು ತೇವ

ತಂತಿ ಬಲ್ಬಿನ ಶಾಖ ದೀಪದೊಳಗಿನ ತೇವವನ್ನು ಒಣಗಿಸುತ್ತಿತ್ತು. ಎಲ್ಇಡಿ ಅಷ್ಟು ಬಿಸಿಯಾಗದ ಕಾರಣ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಮಳೆ ಸುರಿಯುವ ಜೋಯಿಡಾ, ಕ್ಯಾಸಲ್‌ರಾಕ್ ಭಾಗಗಳಲ್ಲಿ ಗಾಜಿನ ಒಳಮೈ ಬೆವರಿದಂತಾಗಿ ಮಸುಕಾಗುತ್ತದೆ. ಹೊಸ ರಬ್ಬರ್ ಗ್ಯಾಸ್ಕೆಟ್ ಹಾಕುವಾಗ ದೀಪದ ತಳದಲ್ಲಿರುವ ನೀರು ಇಳಿಯುವ ರಂಧ್ರವನ್ನು ಮುಚ್ಚಬಾರದು. ಎಲ್ಲ ಕಡೆ ಸೀಲಂಟ್ ಬಳಿದ ದೀಪದೊಳಕ್ಕೆ ನೀರು ಹೇಗೋ ಸೇರುತ್ತದೆ, ಹೊರಗೆ ಹೋಗುವುದಿಲ್ಲ.

ಕಾನೂನು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಹಿಂಬದಿಯ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು ಮತ್ತು ಬಿಳಿ ಬೆಳಕಿನಲ್ಲಿ ನಂಬರ್ ಪ್ಲೇಟನ್ನು 15 ಮೀಟರ್ ದೂರದಿಂದ ಓದಲು ಸಾಧ್ಯವಾಗಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತಹ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ನವೀಕರಿಸುವಾಗ ವಾಹನದ ತಪಾಸಣೆ ನಡೆಯುವುದರಿಂದ ಕೆಲಸಕ್ಕೆ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

50 ವರ್ಷ ಮೀರಿದ ವಾಹನಗಳಿಗೆ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿಯ ಪ್ರತ್ಯೇಕ ನಿಯಮಗಳು ಬಂದವು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದ್ದು, ಅದು 10 ವರ್ಷ ಊರ್ಜಿತವಾಗಿರುತ್ತದೆ. ವಾಹನವು ಮೂಲ ಸ್ವರೂಪದಲ್ಲಿದ್ದು ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಇದನ್ನು ಬಯಸುವವರು ಬಾಡಿಯ ತಗಡನ್ನು ಕೊರೆದು ಹೊಸ ಆಕಾರದ ದೀಪ ಕೂರಿಸುವ ಬದಲು, ಮೂಲ ಹೋಲ್ಡರಿಗೆ ಹೊಂದುವ ಮತ್ತು ಯಾವಾಗ ಬೇಕಾದರೂ ತೆಗೆಯಬಹುದಾದ ಎಲ್ಇಡಿಯನ್ನು ಆರಿಸಿಕೊಂಡು, ತೆಗೆದ ಗಾಜು ಮತ್ತು ಬಲ್ಬುಗಳನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.