ಒಂದು ಕೆಮ್ಮು, ಒಂದು ಕಣ್ಣು

ಹೋದ ತಿಂಗಳು ಅಕ್ಕನ ಮಗನ ಕಣ್ಣಿಗೆ ಚಿನ್ನಿ ಬಡಿದು ಗುಡ್ಡೆಯೇ ಸೀಳಿತ್ತು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರು ಹೇಳಿದ್ದು ಒಂದೇ ಮಾತು: "ಅವನು ಕೆಮ್ಮಬಾರದು, ಅಷ್ಟೇ ನನ್ನ ಚಿಂತೆ." ಕಣ್ಣು ಹೊಲಿಯೋದಕ್ಕೂ ಕೆಮ್ಮಿಗೂ ಏನಪ್ಪಾ ಸಂಬಂಧ ಅಂತ ಓದುತ್ತಾ ಹೋದೆ...

ಕಣ್ಣುಗುಡ್ಡೆಯೊಳಗಿನ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರ್. ಕೆಮ್ಮಿದಾಗ ಎದೆಯೊಳಗಿನ ಒತ್ತಡ ಏರಿ, ತಲೆಯಿಂದ ಇಳಿಯಬೇಕಾದ ರಕ್ತ ಅಲ್ಲೇ ತಡೆಯುತ್ತದೆ. ಆ ಕ್ಷಣಕ್ಕೆ ಕಣ್ಣಿನ ಒತ್ತಡ 30-40 ಮಿ.ಮೀ. ಜಿಗಿಯಬಹುದು. ಕಣ್ಣು ತೆರೆದಿದ್ದರೆ ಒಳಗಿರೋದು ಹೊರಗೆ!

1846ರಲ್ಲಿ ಬಾಸ್ಟನ್ನಿನಲ್ಲಿ ಮಾರ್ಟನ್ ಈಥರ್ ತೋರಿಸಿದಾಗ ಉಳಿದ ಸರ್ಜನ್ನರಿಗೆ ಹಬ್ಬ. ಕಣ್ಣಿನ ಡಾಕ್ಟರುಗಳಿಗೆ ಮಾತ್ರ ಅನುಮಾನ. ಈಥರ್ ಅಂದರೆ ಕೆಮ್ಮು, ವಾಂತಿ. ಪೊರೆ ತೆಗೆದ ಗಾಯಕ್ಕೆ ಆಗ ಹೊಲಿಗೆ ಹಾಕುತ್ತಿದ್ದುದೇ ಅಪರೂಪ. ಹಾಗಾಗಿ ಎಷ್ಟೋ ಜನ ಎಚ್ಚರವಿದ್ದೇ ಕಣ್ಣು ಕೊಯ್ಯಿಸಿಕೊಂಡರು. (ಬರೆಯುವಾಗಲೇ ನನ್ನ ಕಣ್ಣಲ್ಲಿ ನೀರು ಬರ್ತಿದೆ.) 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್, ಕೊಕೇನ್ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತದೆ ಅಂತ ಕಂಡುಹಿಡಿದ. ಹೈಡಲ್‌ಬರ್ಗಿನ ಸಭೆಗೆ ಹೋಗಲು ದುಡ್ಡಿಲ್ಲದೆ, ಪಾಪ, ಪ್ರಬಂಧವನ್ನು ಬೇರೆಯವರ ಕೈಲಿ ಓದಿಸಿದ.

ಆದರೆ ಗಾಯವಾದ ಮಗು ಹನಿ ಹಾಕಿಸಿಕೊಂಡು ಸುಮ್ಮನೆ ಮಲಗುತ್ತಾ? ಅದಕ್ಕೆ ನಿದ್ದೆಯೇ ಬೇಕು. 1942ರಲ್ಲಿ ಮಾಂಟ್ರಿಯಲ್‌ನಲ್ಲಿ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅರಿವಳಿಕೆಯ ಜೊತೆ ಕ್ಯುರಾರೆ ಕೊಟ್ಟರು. ಬಾಣದ ತುದಿಗೆ ಹಚ್ಚುತ್ತಿದ್ದ ವಿಷ ಅದು. ಸ್ನಾಯುಗಳೆಲ್ಲ ಸಡಿಲ, ಡೋಸ್ ಪೂರ್ತಿಯಾದರೆ ಕೆಮ್ಮೂ ಇಲ್ಲ. ಆದರೆ ಆಗ ಉಸಿರೂ ಇಲ್ಲ! ರೋಗಿಯ ಪರವಾಗಿ ಬೇರೆ ಯಾರೋ ಉಸಿರಾಡಬೇಕು.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂದಾಗ ಅದೇ ಆಯಿತು. ರೋಗಿಗಳ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತಿದೆ ಅಂತ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಗುರುತಿಸಿದ. ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಹಗಲೂ ರಾತ್ರಿ ಕೈಯಲ್ಲೇ ಚೀಲ ಒತ್ತಿ ಗಾಳಿ ತುಂಬಿದರು. ಆಮೇಲೆ ಆ ಕೆಲಸ ಯಂತ್ರಗಳ ಪಾಲಾಯಿತು.

ಕಣ್ಣಿನ ಕಥೆ ಇಲ್ಲಿಗೇ ಬಂದು ಸೇರುತ್ತೆ. ಅದೇ ಡೈಆಕ್ಸೈಡ್ ಹೆಚ್ಚಾದರೆ ರೆಟಿನಾದ ಹಿಂದಿನ ರಕ್ತನಾಳಗಳು ಹಿಗ್ಗಿ ಒತ್ತಡ ಏರುತ್ತದೆ. ಯಂತ್ರ ಸ್ವಲ್ಪ ಜಾಸ್ತಿ ಉಸಿರಾಡಿಸಿದರೆ ಡೈಆಕ್ಸೈಡ್ ಇಳಿದು ಕಣ್ಣು ಮೆತ್ತಗಾಗುತ್ತದೆ. ಹಾಗಂತ ಗಾಳಿಯನ್ನು ಜೋರಾಗಿ ನೂಕಿದರೆ? ಎದೆಯ ಒತ್ತಡ ಏರಿ, ಮತ್ತೆ ರಕ್ತ ತಲೆಯಲ್ಲೇ ನಿಲ್ಲುತ್ತದೆ. ಒಂದು ಬಗ್ ತೆಗೆಯೋಕೆ ಹೋದರೆ ಇನ್ನೊಂದು, ನಮ್ಮ ಕೋಡಿನ ಹಾಗೇ :-) ಆ ಡಾಕ್ಟರು ಎರಡು ಗಂಟೆ ಯಂತ್ರದ ಪಕ್ಕ ಕೂತು ಕಾಯುತ್ತಿದ್ದದ್ದು ಇದನ್ನೇ.

ನಮ್ಮ ಹುಡುಗ ಕೆಮ್ಮಲಿಲ್ಲ. ಹೊಲಿಗೆ ಇನ್ನೂ ಇದೆ, ಬೋರ್ಡಿನ ದೊಡ್ಡ ಅಕ್ಷರ ಓದುತ್ತಾನೆ. ಚಿನ್ನಿಯನ್ನು ಅಕ್ಕ ಒಲೆಗೆ ಹಾಕಿದ್ದಾಳೆ.