ಕೀಲೆಣ್ಣೆ ಹೇಳುವ ಎಂಜಿನ್ನಿನ ಕತೆ

ಅಮೆರಿಕದ ರೈಲು ಕಂಪನಿಗಳು 1940ರ ದಶಕದಲ್ಲಿ ಉಗಿ ಎಂಜಿನ್ನುಗಳನ್ನು ಬಿಟ್ಟು ಡೀಸೆಲ್‌ಗೆ ಹೊರಳತೊಡಗಿದಾಗ ಹೊಸದೊಂದು ತೊಡಕು ಎದುರಾಯಿತು. ಉಗಿ ಎಂಜಿನ್ನಿನ ಕೀಲುಗಳು ಬಹುಮಟ್ಟಿಗೆ ಹೊರಗೇ ಕಾಣುತ್ತಿದ್ದವು. ತಟ್ಟಿ, ಮುಟ್ಟಿ ದೋಷ ಹಿಡಿಯಬಹುದಿತ್ತು. ಡೀಸೆಲ್ ಎಂಜಿನ್ನಿನ ಒಡಲಾದರೋ ಮುಚ್ಚಿದ ಪೆಟ್ಟಿಗೆ. ಬೇರಿಂಗ್ ಸವೆದದ್ದು ಎಷ್ಟೋ ವೇಳೆ ಎಂಜಿನ್ ಕೆಟ್ಟು ನಿಂತ ಮೇಲೆಯೇ ತಿಳಿಯುತ್ತಿತ್ತು.

ಬಿಚ್ಚದೆ ಒಳಗನ್ನು ನೋಡುವ ದಾರಿಯನ್ನು ಮೊದಲು ಹಿಡಿದವರಲ್ಲಿ ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ರೈಲು ಕಂಪನಿ ಪ್ರಮುಖವಾದುದು. ಕೀಲುಗಳು ಸವೆದಂತೆ ಉದುರುವ ಲೋಹದ ಕಣ ಕೀಲೆಣ್ಣೆಯಲ್ಲಿ ಸೇರುತ್ತದೆ. ಆ ಎಣ್ಣೆಯನ್ನೇ ರೋಹಿತ ಪರೀಕ್ಷೆಗೆ ಒಡ್ಡಿದರೆ?

ಇದರ ಮೂಲತತ್ವ ಹಳೆಯದು. ಕಾದು ಆವಿಯಾದ ಪ್ರತಿ ಧಾತುವೂ ತನ್ನದೇ ಬಣ್ಣದ ಗೆರೆಗಳನ್ನು ಹೊಮ್ಮಿಸುತ್ತದೆಂದು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ 1859-60ರಲ್ಲಿ ತೋರಿಸಿದ್ದರು. ಈಗ ಬಳಕೆಯಲ್ಲಿರುವ ಒಂದು ವಿಧಾನದಲ್ಲಿ ಗ್ರಾಫೈಟ್ ಬಿಲ್ಲೆಯೊಂದು ಎಣ್ಣೆಯಲ್ಲಿ ಅದ್ದಿ ತಿರುಗುತ್ತ ಅದನ್ನು ವಿದ್ಯುತ್ ಕಿಡಿಗೆ ಒಯ್ಯುತ್ತದೆ. ಹೊಮ್ಮಿದ ಬೆಳಕನ್ನು ಬಿಡಿಸಿ ಗೆರೆಗಳ ಪ್ರಖರತೆ ಅಳೆದರೆ, ಹತ್ತು ಲಕ್ಷ ಭಾಗದಲ್ಲಿ ಕೆಲವೇ ಭಾಗದಷ್ಟಿರುವ ಲೋಹವೂ ಲೆಕ್ಕಕ್ಕೆ ಸಿಗುತ್ತದೆ.

ಕಬ್ಬಿಣ ಹೆಚ್ಚಿದರೆ ಸಿಲಿಂಡರಿನ ಮೇಲೆ ಅನುಮಾನ. ತಾಮ್ರ, ಸೀಸ, ತವರ ಕಂಡರೆ ಬೇರಿಂಗಿನ ಮೇಲೆ. ಸಿಲಿಕಾನ್ ಏರಿದರೆ ಗಾಳಿಶೋಧಕ ದಾಟಿ ದೂಳು ನುಗ್ಗಿರಬಹುದು. ಆದರೆ ಒಂದೇ ಅಂಕಿಯನ್ನು ನಂಬಿ ತೀರ್ಪು ಕೊಡಲಾಗದು. ಅದೇ ಎಂಜಿನ್ನಿನ ಹಿಂದಿನ ಲೆಕ್ಕಗಳೊಡನೆ ಹೋಲಿಸಿದಾಗ, ದಿಢೀರ್ ಏರಿಕೆಯೇ ಅಪಾಯದ ಸೂಚನೆ.

1950ರ ದಶಕದಲ್ಲಿ ಅಮೆರಿಕದ ನೌಕಾಪಡೆ ಇದನ್ನು ತನ್ನ ವಿಮಾನಗಳ ಎಂಜಿನ್ನುಗಳಿಗೂ ಅಳವಡಿಸಿಕೊಂಡಿತು. ಕೆಟ್ಟ ರೈಲು ಹಳಿಯ ಮೇಲೆ ನಿಂತೀತು. ಆಕಾಶದಲ್ಲಿ ಎಂಜಿನ್ ನಿಂತರೆ ಪೈಲಟ್‌ನ ಪ್ರಾಣಕ್ಕೇ ಸಂಚಕಾರ. ಭಾರತೀಯ ರೈಲ್ವೆಯ ಡೀಸೆಲ್ ಶೆಡ್ಡುಗಳಿಗೂ ಈ ಪರೀಕ್ಷೆ ಬಂದಿತು.

ಇದಕ್ಕೂ ಮಿತಿಯುಂಟು. ಸುಮಾರು ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳು ಕಿಡಿಯಲ್ಲಿ ಪೂರ್ತಿ ಆವಿಯಾಗವು. ಲೋಹ ಚಕ್ಕೆಯಾಗಿ ಕಿತ್ತುಬಂದರೆ ಯಂತ್ರ ‘ಎಲ್ಲ ಸರಿ’ ಎಂದುಬಿಡಬಹುದು. ಆದ್ದರಿಂದಲೇ ಕಬ್ಬಿಣದ ಕಣಗಳನ್ನು ಅಯಸ್ಕಾಂತದಿಂದ ಬೇರ್ಪಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಫೆರೋಗ್ರಫಿ 1970ರ ದಶಕದಲ್ಲಿ ಇದರ ಜೊತೆಗೂಡಿತು. ನಿಧಾನದ ಸವೆತವನ್ನು ಬೆಳಕು ಹೇಳುತ್ತದೆ. ಹಠಾತ್ತನೆ ಕಿತ್ತುಬಂದದ್ದನ್ನು ಇನ್ನೂ ಕಣ್ಣೇ ಹುಡುಕಬೇಕು.