ತೆರಿಗೆಯ ದುಡ್ಡಿಗೆ ಪಿಗ್ಮಿಯ ದಾರಿ

ಸಂಬಳದಾರರ ತೆರಿಗೆ ಸಂಬಳ ಕೈಸೇರುವ ಮೊದಲೇ ಕಡಿತವಾಗಿರುತ್ತದೆ. ದರ್ಜಿ, ಗ್ಯಾರೇಜಿನವರು, ಕಿರಾಣಿ ಅಂಗಡಿಯವರಿಗೆ ಆ ಅನುಕೂಲವಿಲ್ಲ. ಅವರ ದುಡ್ಡೆಲ್ಲ ಒಂದೇ ಗಲ್ಲಾಕ್ಕೆ ಬೀಳುತ್ತದೆ. ಅದರಲ್ಲಿ ಸರಕಿನ ಬಾಕಿ ಎಷ್ಟು, ಮನೆಖರ್ಚಿಗೆ ಎಷ್ಟು, ಸರ್ಕಾರದ ಪಾಲು ಎಷ್ಟು ಎಂದು ಯಾವ ನೋಟಿನ ಮೇಲೂ ಬರೆದಿರುವುದಿಲ್ಲ. ಹಾಗಾಗಿ ತೆರಿಗೆಯ ಹಣವನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಅವರಿಗೆ ವರ್ಷವರ್ಷವೂ ಎದುರಾಗುತ್ತದೆ. ಹೆಚ್ಚು ಬಡ್ಡಿ ಎಲ್ಲಿದೆಯೋ ಅಲ್ಲಿ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಇತಿಹಾಸವನ್ನು ನೋಡಿದರೆ ಆ ಉತ್ತರ ಸಾಲದು ಅನ್ನಿಸುತ್ತದೆ. ಬಡ್ಡಿಗಿಂತ ಮುಖ್ಯವಾದದ್ದು ದುಡ್ಡು ಗಲ್ಲಾ ಬಿಟ್ಟು ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂಬುದು.

ದುಡಿಮೆಯ ಲಯಕ್ಕೂ ತೆರಿಗೆಯ ದಿನಕ್ಕೂ ಹೊಂದದ ಈ ತೊಂದರೆ ಹಳೆಯದು. ರೈತವಾರಿ ಪದ್ಧತಿಯಲ್ಲಿ ಕಂದಾಯವನ್ನು ನಗದಾಗಿ, ಕಿಸ್ತುಗಳಲ್ಲಿ ಕಟ್ಟಬೇಕಿತ್ತು. ಕಿಸ್ತಿನ ದಿನ ಹತ್ತಿರವಾದಂತೆ ಎಲ್ಲರೂ ಒಟ್ಟಿಗೆ ಧಾನ್ಯ ಮಾರಲು ಹೊರಟರೆ ಬೆಲೆ ಇಳಿಯುತ್ತಿತ್ತು. ಮಾರಲು ಆಗದವರು ಸಾಹುಕಾರನ ಮನೆ ಬಾಗಿಲಿಗೆ ಹೋಗುತ್ತಿದ್ದರು. 1860ರಲ್ಲಿ ಜೇಮ್ಸ್ ವಿಲ್ಸನ್ ತಂದ ಆದಾಯ ತೆರಿಗೆ ವ್ಯಾಪಾರಿಗಳನ್ನೂ ಇದೇ ಇಕ್ಕಟ್ಟಿಗೆ ತಂದಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರಗಳೇ ಇದಕ್ಕೊಂದು ದಾರಿ ಹುಡುಕಿದವು. ಬ್ರಿಟನ್ 1941ರಲ್ಲಿ ‘ಟ್ಯಾಕ್ಸ್ ರಿಸರ್ವ್ ಸರ್ಟಿಫಿಕೇಟ್’ ಹೊರಡಿಸಿತು. ಜನ ಅದನ್ನು ಮೊದಲೇ ಕೊಂಡಿಟ್ಟು, ತೆರಿಗೆಯ ದಿನ ಬಡ್ಡಿಯ ಸಮೇತ ಜಮೆ ಮಾಡಬಹುದಿತ್ತು. ಅದರ ನಂತರದ ರೂಪದ ಮಾರಾಟ 2017ರಲ್ಲಿ ನಿಂತಿತು. ಭಾರತದಲ್ಲಿ 1944ರಲ್ಲಿ ಮುಂಗಡ ತೆರಿಗೆ ಬಂತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಆರಂಭದಲ್ಲಿ ಹೀಗೆ ಮುಂಗಡವಾಗಿ ಕಟ್ಟಿದ ಹಣಕ್ಕೆ ಸರ್ಕಾರ ವಾರ್ಷಿಕ ಶೇ 2ರಷ್ಟು ಬಡ್ಡಿ ಕೊಡುತ್ತಿತ್ತು. ಅಂದರೆ ಖಜಾನೆಯೇ ತೆರಿಗೆದಾರನ ಉಳಿತಾಯದ ಜಾಗವೂ ಆಗಿತ್ತು. ಆ ಬಡ್ಡಿ ಮುಂದೆ ಮೊಟಕಾಯಿತು. ಇಂದು ಹೆಚ್ಚಾಗಿ ಕಟ್ಟಿ ಮರುಪಾವತಿ ಪಡೆಯುವವರಿಗಷ್ಟೇ ಬಡ್ಡಿಯ ಮಾತು ಅನ್ವಯಿಸುತ್ತದೆ. ಗಡುವು ಮಾತ್ರ ಉಳಿಯಿತು.

ಯುದ್ಧಕ್ಕೂ ಮುಂಚೆಯೇ, ತೆರಿಗೆಯ ಯೋಚನೆಯೇ ಇಲ್ಲದೆ, ಇದಕ್ಕಿಂತ ಒಳ್ಳೆಯ ಉಪಾಯವೊಂದು ಉಡುಪಿಯಲ್ಲಿ ಹುಟ್ಟಿತ್ತು. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ₹8,000 ಬಂಡವಾಳದಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವನಿಗೆ ಇದು ಸಣ್ಣ ಮಾತಲ್ಲ. ಪಿಗ್ಮಿ ಏಜೆಂಟ್ ಅಂಗಡಿಗೆ ಬರುವುದು ಗಲ್ಲಾದಲ್ಲಿ ಆ ದಿನದ ದುಡ್ಡು ಇರುವ ಹೊತ್ತಿಗೆ. ವ್ಯಾಪಾರ ಚೆನ್ನಾಗಿದ್ದರೆ ನೂರು, ಮಂಕಾಗಿದ್ದರೆ ಇಪ್ಪತ್ತು. ಹಿಂದೆ ಕಾರ್ಡಿನಲ್ಲಿ ಮೊತ್ತ ಬರೆದು ಸಹಿ ಹಾಕುತ್ತಿದ್ದರು, ಆಮೇಲೆ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರದಿಂದ ಚೀಟಿ ಹರಿದುಕೊಟ್ಟರು. ಬಿಸಿಲು ಮಳೆಯೆನ್ನದೆ ಅಂಗಡಿ ಅಂಗಡಿ ತಿರುಗುವ ಈ ಏಜೆಂಟರೂ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಲು 2001 ಬರಬೇಕಾಯಿತು. ದಿನದ ಆದಾಯಕ್ಕೆ ತಕ್ಕಂತೆ ದಿನದಿನವೂ ಹಣವನ್ನು ಬೇರ್ಪಡಿಸುವ ಇಂಥ ವ್ಯವಸ್ಥೆಯನ್ನು ಯಾವ ಖಜಾನೆಯೂ ರೂಪಿಸಲಿಲ್ಲ. ಆಗಿನ ಪಿಗ್ಮಿದಾರರಲ್ಲಿ ಬಹುಪಾಲು ಜನ ತೆರಿಗೆಯ ಮಿತಿಯಿಂದ ಬಹಳ ಕೆಳಗಿದ್ದವರು, ನಿಜ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚನ್ನು ಎದುರಿಸುವ ಉಪಾಯ ಮಗಳ ಮದುವೆಗೂ ಒಂದೇ, ತೆರಿಗೆಗೂ ಒಂದೇ.

ಪಿಗ್ಮಿಯ ಬಡ್ಡಿ ಕಡಿಮೆ ಎಂಬುದು ಮೊದಲ ಆಕ್ಷೇಪ. ಏಜೆಂಟರ ಕಮಿಷನ್ ಎಲ್ಲಿಂದಲಾದರೂ ಬರಲೇಬೇಕು, ಆದ್ದರಿಂದ ಆಕ್ಷೇಪ ಸರಿಯೇ. ಆದರೂ ಲೆಕ್ಕ ಹಾಕಿ ನೋಡೋಣ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿ ಪೂರ್ತಿ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಕಟ್ಟಬೇಕು. ಅವನ ತೆರಿಗೆ ₹36,000 ಎಂದಿಟ್ಟುಕೊಳ್ಳಿ. ಏಪ್ರಿಲಿನಿಂದ ದಿನಕ್ಕೆ ನೂರಕ್ಕಿಂತ ತುಸು ಹೆಚ್ಚು ಹಾಕಿದರೆ ಗಡುವಿನೊಳಗೆ ಅಷ್ಟು ಕೂಡುತ್ತದೆ. ವರ್ಷವಿಡೀ ಖಾತೆಯಲ್ಲಿರುವ ಸರಾಸರಿ ಮೊತ್ತ ಸುಮಾರು ₹18,000. ಬೇರೆಡೆ ಶೇ 3 ಹೆಚ್ಚು ಬಡ್ಡಿ ಸಿಗುತ್ತಿತ್ತು ಎಂದುಕೊಂಡರೂ ನಷ್ಟ ₹540. ಅದೇ ಹಣ ಗಲ್ಲಾದಲ್ಲಿ ಕರಗಿಹೋಗಿ, ತೆರಿಗೆಯನ್ನು ಜುಲೈ ಕೊನೆಗೆ ಕಟ್ಟಿದರೆ? ಮಾರ್ಚಿನ ಗಡುವು ತಪ್ಪಿದ್ದಕ್ಕೆ ಶೇ 1, ಏಪ್ರಿಲಿನಿಂದ ತಿಂಗಳಿಗೆ ಶೇ 1, ಒಟ್ಟು ₹1,800. ಕಡಿಮೆ ಬಡ್ಡಿಯನ್ನು ಬೇರ್ಪಡಿಸುವ ಕೆಲಸಕ್ಕೆ ಕೊಟ್ಟ ಕೂಲಿ ಎಂದು ನೋಡಿದರೆ ಅದು ದುಬಾರಿಯಲ್ಲ.

ಚೀಟಿ ಹಾಕಬಹುದಲ್ಲ ಎನ್ನುವವರಿದ್ದಾರೆ. ಚೀಟಿಯ ಹಣ ಬೇಕಾದ ತಿಂಗಳೇ ಸಿಗಬೇಕೆಂದರೆ ಕೂಗಿ ಬಿಡಬೇಕು, ಮಾರ್ಚಿನಲ್ಲಿ ಎಲ್ಲರಿಗೂ ಹಣ ಬೇಕಾದರೆ ಕೂಗೂ ಏರುತ್ತದೆ. ಬ್ಯಾಂಕಿನ ಆರ್‌ಡಿ ಒಳ್ಳೆಯದೇ, ಆದರೆ ಅದು ತಿಂಗಳಿಗೆ ಇಂತಿಷ್ಟು ಎಂದು ಕೇಳುತ್ತದೆ. ಅದು ಸಂಬಳದವರ ಲಯ. ಭದ್ರತೆಯ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ. ಪಿಗ್ಮಿ ಹೆಸರಿನಲ್ಲಿ ಹಣ ಎತ್ತುವ ಎಷ್ಟೋ ಪತ್ತಿನ ಸಂಘಗಳಿಗೆ ಠೇವಣಿ ವಿಮೆ ಇಲ್ಲ. ₹5 ಲಕ್ಷದವರೆಗಿನ ಆ ರಕ್ಷಣೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ. ಸರ್ಕಾರಕ್ಕೆ ಸೇರಬೇಕಾದ ಹಣವನ್ನು ಆ ವಿಮೆಯ ಹೊರಗೆ ಇಡುವುದನ್ನು ನಾನು ಒಪ್ಪಲಾರೆ.

ಈಗ ಗಲ್ಲಾವೇ ಬದಲಾಗಿದೆ. ಕ್ಯೂಆರ್ ಕೋಡಿಗೆ ಬಂದ ದುಡ್ಡು ನೇರ ಖಾತೆಗೆ ಬೀಳುತ್ತದೆ, ಮನೆಯ ಕರೆಂಟ್ ಬಿಲ್ಲೂ ಅದರಿಂದಲೇ ಹೋಗುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಕೊಟ್ಟ ನೋಟಿಸುಗಳು ಕರ್ನಾಟಕದ ಸಣ್ಣ ವ್ಯಾಪಾರಿಗಳನ್ನು ಕಂಗೆಡಿಸಿದ್ದವು. ಅದು ಜಿಎಸ್‌ಟಿಯ ವಿಚಾರ, ಆದಾಯ ತೆರಿಗೆಯದಲ್ಲ. ಆದರೂ ಒಂದೇ ಖಾತೆಯಲ್ಲಿ ಎಲ್ಲವೂ ಕಲೆಸಿಹೋದಾಗ ಆಗುವ ಗೊಂದಲ ಅಲ್ಲಿಯೂ ಕಂಡಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ 1928ರ ಆ ಉಪಾಯವನ್ನು ಯಾವ ಬ್ಯಾಂಕ್ ಬೇಕಾದರೂ ಕೈಗೆತ್ತಿಕೊಳ್ಳಬಹುದು: ಏಪ್ರಿಲಿನಲ್ಲಿ ತೆರೆಯುವ ಖಾತೆ, ದಿನದ ಜಮೆಯಲ್ಲಿ ವ್ಯಾಪಾರಿ ಹೇಳಿದಷ್ಟು ಪಾಲು ರಾತ್ರಿಯೇ ಅದಕ್ಕೆ, ಮಾರ್ಚಿನ ಮೊದಲ ವಾರ ಅವಧಿ ಮುಗಿದು ಅಲ್ಲಿಂದಲೇ ತೆರಿಗೆಯ ಚಲನ್.